ರಾಯಭಾರಿಗಳು ಹೇಳದೇ ಉಳಿಸಿಕೊಂಡ ಮಾತು

ಎರಡು ವರ್ಷದ ಹಿಂದಿನ ನವರಾತ್ರಿ. ಆ ದಿನಗಳಲ್ಲಿ ಸಂಜೆಯಾಯಿತೆಂದರೆ ವಡೋದರಾದಲ್ಲಿ ಮನೆಯೊಳಗಿನ ಮಾತು ಮನೆಯೊಳಗಿನವರಿಗೇ ಕೇಳಿಸುವುದಿಲ್ಲ. ನಮ್ಮ ಸೊಸೈಟಿಯ ಅಂಗಳದಲ್ಲೇ ಗರ್ಬಾ. ಕುಣಿತಕ್ಕಿಂತ ಮೊದಲು ಮೈಕಿನ ಪರೀಕ್ಷೆಯೇ ಒಂದು ಗಂಟೆ ನಡೆಯುತ್ತದೆ. ನನ್ನ ತಮ್ಮನ ಹೆಂಡತಿ ಸುಮಾ ಸೂರತ್‌ನಿಂದ ಎಷ್ಟು ಸಲ ಫೋನು ಮಾಡಿದ್ದಳೋ, ನಾನು ಎತ್ತಿದ್ದು ಕೊನೆಯ ಸಲಕ್ಕೆ.

"ಇವ್ರು ಹ್ವಾದ್ರಕ್ಕಾ" ಅಂದಳು.

"ಎಲ್ಲಿಗೆ?" ಅಂತ ಕೇಳಿದೆ. ಕೆಳಗೆ ಮೈಕು ಹಲೋ ಹಲೋ ಅನ್ನುತ್ತಿತ್ತು. ಪಾಪ, ಅವಳು ಅದನ್ನು ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು.

ರಘು ನನ್ನ ಒಬ್ಬನೇ ತಮ್ಮ. ನಾವು ಧಾರವಾಡದವರು. ನಮ್ಮ ಮನೆಯವರ ಬ್ಯಾಂಕು ನಮ್ಮನ್ನು ಊರೂರು ತಿರುಗಿಸಿ ವಡೋದರಾಕ್ಕೆ ತಂದು ಹಾಕಿತ್ತು. ರಘು ಸೂರತ್ ಪಕ್ಕದ ಹಜೀರಾದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಎಂಜಿನಿಯರ್ ಆಗಿ ಸೂರತ್‌ಗೆ ಬಂದವನು. ಅಕ್ಕ ತಮ್ಮ ಇಬ್ಬರೂ ಗುಜರಾತಿನಲ್ಲೇ ಇದ್ದೇವೆ ಎಂಬುದೇ ನಮಗೆ ದೊಡ್ಡ ಸಮಾಧಾನವಾಗಿತ್ತು. ಆದರೆ ಅಲ್ಲಿಯ ಕೆಲಸ ಹೋಯಿತು. ಐವತ್ತರ ಹತ್ತಿರ ಬಂದವನಿಗೆ ಯಾರು ಹೊಸ ಕೆಲಸ ಕೊಡುತ್ತಾರೆ? ಪಶ್ಚಿಮ ಆಫ್ರಿಕಾದ ಒಂದು ದೇಶದಲ್ಲಿ ವಿದ್ಯುತ್ ಸ್ಥಾವರ ಕಟ್ಟುವ ಗುತ್ತಿಗೆದಾರನೊಬ್ಬನ ಕೈಕೆಳಗೆ ಕೆಲಸ ಸಿಕ್ಕಿತು, ಹೋದ. ಕಂಪನಿಯ ಕಾಲೊನಿ ಬಿಟ್ಟು ಸುಮಾ ಮತ್ತು ಹತ್ತನೇ ತರಗತಿ ಓದುತ್ತಿದ್ದ ಮಗಳು ಈಶಾ ಸೂರತ್‌ನಲ್ಲೇ ಅಡಾಜಣದ ಬಾಡಿಗೆ ಫ್ಲ್ಯಾಟಿಗೆ ಬಂದರು. ದೀಪಾವಳಿಗೆ ಬರುತ್ತೇನೆ ಅಂದಿದ್ದ. ಕೆಲಸದ ಜಾಗದಲ್ಲೇ ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಆ ದೇಶದಲ್ಲಿ ಆಗ ಗಲಭೆ ಎದ್ದಿತ್ತು. ವಿಮಾನ ನಿಲ್ದಾಣ ಒಂದು ದಿನ ತೆರೆದರೆ ನಾಲ್ಕು ದಿನ ಮುಚ್ಚಿರುತ್ತಿತ್ತು. ಗುತ್ತಿಗೆದಾರ ಮೊದಲೆರಡು ದಿನ ಅಯ್ಯೋ ಅಂದವನು ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಅಲ್ಲಿಯ ನಮ್ಮ ರಾಯಭಾರ ಕಚೇರಿಯಿಂದ ಒಬ್ಬ ಅಧಿಕಾರಿ ಮಾತ್ರ ಸುಮಾಗೆ ಕರೆ ಮಾಡಿದರು. ದನಿ ಕೇಳಿದರೆ ಚಿಕ್ಕ ವಯಸ್ಸಿನವರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದೇಹ ಕಳಿಸಲು ಸದ್ಯಕ್ಕೆ ವಿಮಾನವಿಲ್ಲ, ಯಾವಾಗ ಎಂದು ಹೇಳಲಾಗದು, ಶವಾಗಾರ ತುಂಬುತ್ತಿದೆ. ನೀವು ಒಪ್ಪಿಗೆ ಬರೆದು ಕೊಟ್ಟರೆ ಇಲ್ಲಿ ನೆಲೆಸಿರುವ ಗುಜರಾತಿ ವ್ಯಾಪಾರಿಗಳು ಮುಂದೆ ನಿಂತು ವಿಧಿಪ್ರಕಾರ ದಹನ ಮಾಡುತ್ತಾರೆ, ಅಸ್ಥಿ ನಿಮ್ಮ ಕೈಗೆ ಮುಟ್ಟಿಸುತ್ತೇವೆ ಎಂದರು.

"ಮುಖಾ ನೋಡಲಾರದ ಹೆಂಗ ಸಹಿ ಮಾಡ್ಲಿ ಅಕ್ಕಾ? ಸುಟ್ಟುಬಿಡ್ರಿ ಅಂತ ನಾನ ಬರದು ಕೊಡ್ಲೇನು?" ಅಂದಳು ಸುಮಾ. ನನಗೂ ಹಾಗೇ ಅನ್ನಿಸಿತು.

ಆಗ ನೆನಪಾದವರು ದೇಸಾಯಿ ಸಾಹೇಬರು.

ಹಿಂದಿನ ವರ್ಷ ವಡೋದರಾದ ನಮ್ಮ ಕನ್ನಡದವರೆಲ್ಲ ಸೇರಿ ಮಾಡುವ ರಾಜ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿ. ವಿಜಯಪುರದ ಕಡೆಯವರು. ಹೆಂಡತಿ ಇಳಾಬೆನ್ ಅಹಮದಾಬಾದಿನವರು, ಹಾಗಾಗಿ ನಿವೃತ್ತಿಯಾದ ಮೇಲೆ ಆಕೆಯ ಊರಿಗೇ ಬಂದು ನೆಲೆಸಿದ್ದರು. ದೇಸಾಯಿ ಎಂಬ ಅಡ್ಡಹೆಸರು ಕೇಳಿ ಗುಜರಾತಿಗಳೆಲ್ಲ ಅವರನ್ನು ತಮ್ಮವರೇ ಅಂದುಕೊಳ್ಳುತ್ತಾರೆ. ಬಾಯಿ ತೆರೆದರೆ ಮಾತ್ರ ಅಪ್ಪಟ ಜೋಳದ ರೊಟ್ಟಿ. ಮಧ್ಯ ಏಷ್ಯಾದ ಒಂದು ದೇಶ, ಆಫ್ರಿಕಾದ ಒಂದು, ದಕ್ಷಿಣ ಅಮೆರಿಕದ ಒಂದು, ಕೊನೆಗೆ ಯುರೋಪಿನ ತುದಿಯ ಒಂದು ಚಳಿ ದೇಶ, ಹೀಗೆ ನಾಲ್ಕು ಕಡೆ ರಾಯಭಾರಿಯಾಗಿದ್ದವರು. ಆ ಆಫ್ರಿಕಾದ ದೇಶ ಎಂದರೆ ನಮ್ಮ ರಘು ತೀರಿಕೊಂಡ ದೇಶವೇ.

ಆ ದಿನದ ಅವರ ಭಾಷಣ ನಮ್ಮೆಲ್ಲರ ಬಾಯಲ್ಲಿ ತಿಂಗಳುಗಟ್ಟಲೆ ಇತ್ತು. ಮಧ್ಯ ಏಷ್ಯಾದಲ್ಲಿ ಒಂದು ಔತಣ. ಅಲ್ಲಿ ಮುಖ್ಯ ಅತಿಥಿಗೆ ಬೇಯಿಸಿದ ಕುರಿಯ ತಲೆಯನ್ನೇ ತಟ್ಟೆಯಲ್ಲಿಟ್ಟು ಕೊಡುವುದು ಪದ್ಧತಿಯಂತೆ. ಇವರೋ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆತನ. ಒಲ್ಲೆ ಅಂದರೆ ಅವಮಾನ. "ನಾ ಒಲ್ಲೆ ಅನ್ನಲಿಲ್ರಿ. ಈ ಮರ್ಯಾದೆ ನನಗಿಂತ ಹಿರಿಯರಿಗೆ ಸಲ್ಲಬೇಕು ಅಂತ ಹೇಳಿ ತಟ್ಟೀನ ಬಾಜೂಕಿನ ಮುದುಕರ ಮುಂದ ಸರಿಸಿದೆ. ಮುದುಕರೂ ಖುಷಿ, ಮಂತ್ರಿಗಳೂ ಖುಷಿ. ಇಡೀ ನೌಕರಿಯೊಳಗ ನಾ ಯಾರಿಗೂ ಇಲ್ಲ ಅಂದವನಲ್ಲ!" ಎಂದಾಗ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಆಫ್ರಿಕಾದ ಕಥೆ. ಯಾವುದೋ ಹಡಗಿನಲ್ಲಿ ಸತ್ತ ಕುಮಟಾ ಕಡೆಯ ನಾವಿಕನ ದೇಹವನ್ನು, ಅಲ್ಲಿಯ ಮಂತ್ರಿಯನ್ನು ಊಟದ ಮೇಜಿನಿಂದ ಎಬ್ಬಿಸಿ ಆಜ್ಞೆ ಹೊರಡಿಸಿ, ಮನೆಗೆ ಕಳಿಸಿದ್ದರಂತೆ. ಅದನ್ನು ಹೇಳುವಾಗ ಅವರು ಕರವಸ್ತ್ರ ತೆಗೆದರು. ನಾನೂ ಕಣ್ಣೊರೆಸಿಕೊಂಡಿದ್ದೆ.

ಇಂಥವರು ನಮಗೆ ಪರಿಚಯ ಇರುವಾಗ ಒಪ್ಪಿಗೆ ಯಾಕೆ ಬರೆದು ಕೊಡಬೇಕು? ಸುಮಾ ಮತ್ತು ಈಶಾ ವಡೋದರಾಕ್ಕೆ ಬಂದರು, ಮರುದಿನ ಬೆಳಗಿನ ರೈಲಿಗೆ ಮೂವರೂ ಅಹಮದಾಬಾದಿಗೆ ಹೋದೆವು.

ದೇಸಾಯಿಯವರು ಗೇಟಿನವರೆಗೆ ಬಂದು ನಿಂತಿದ್ದರು. ನಮ್ಮ ಆಟೋ ನಿಂತೊಡನೆ ಕೈ ಮುಗಿದು, "ಬರ್ರಿ ತಾಯಿ" ಎಂದು ಸುಮಾಳನ್ನು ಮುಂದೆ ಬಿಟ್ಟುಕೊಂಡು, ಲಿಫ್ಟಿನ ಬಾಗಿಲನ್ನು ತಾವೇ ಹಿಡಿದರು. ಗೋಡೆಯ ತುಂಬ ಫೋಟೊಗಳಿದ್ದವು. ನಾಲ್ಕು ದೇಶದ ರಾಷ್ಟ್ರಾಧ್ಯಕ್ಷರಿಗೆ ನೇಮಕದ ಪತ್ರ ಕೊಡುತ್ತಿರುವ ನಾಲ್ಕು ಫೋಟೊ. ಎದುರಿನ ಅಧ್ಯಕ್ಷರು ಬದಲಾಗಿದ್ದರೂ ಇವರ ಕಪ್ಪು ಕೋಟು ಮಾತ್ರ ಒಂದೇ. ಬೇರೆ ದಿನವಾಗಿದ್ದರೆ ಅದನ್ನು ಹೇಳಿ ನಕ್ಕಿರುತ್ತಿದ್ದೆ.

ನಾವು ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿ ಕೇಳಿದರು. ನಮ್ಮ ಎದುರಿಗೇ ಆ ದೇಶದ ಸರಕಾರದಲ್ಲಿದ್ದ ಹಳೆಯ ಪರಿಚಯದವರೊಬ್ಬರಿಗೆ ಫೋನು ಹಚ್ಚಿದರು. ಯಾವುದೋ ಭಾಷೆಯಲ್ಲಿ ನಗುತ್ತ, ಕ್ಷೇಮ ಸಮಾಚಾರ ಕೇಳುತ್ತ ಬಹಳ ಹೊತ್ತು ಮಾತಾಡಿದರು. ಇಟ್ಟ ಮೇಲೆ ನಮ್ಮ ಕಡೆ ತಿರುಗಿ, "ಅವರು ಹೇಳಿದ್ದನ್ನ ಹೆಂಗದನೋ ಹಂಗ ಹೇಳ್ತೀನಿ. ಈ ವಿಷಯವನ್ನ ಅತ್ಯಂತ ಸಹಾನುಭೂತಿಯಿಂದ ಪರಿಶೀಲಿಸ್ತೀವಿ, ಪರಿಸ್ಥಿತಿ ಅನುಕೂಲ ಆದಕೂಡಲೇ ಮೊದಲ ಗಮನ ಇದಕ್ಕ ಕೊಡ್ತೀವಿ ಅಂದಾರ" ಎಂದರು.

ಸೂರತ್ ಬಿಟ್ಟ ಮೇಲೆ ಸುಮಾ ಮೊದಲ ಬಾರಿಗೆ ನೀರು ಕುಡಿದಳು.

ಈಶಾ ಗುಜರಾತಿನಲ್ಲೇ ಬೆಳೆದವಳು, ಕನ್ನಡ ಅರ್ಥವಾದರೂ ಬಾಯಿಗೆ ಬರುವುದಿಲ್ಲ. ಸೋಫಾದ ಅಂಚಿನಲ್ಲಿ ಕೂತವಳು ಒಮ್ಮೆಲೇ, "ಅಂಕಲ್, ಪಪ್ಪಾ ಆಯೇಂಗೆ ಕಿ ನಹೀ?" ಎಂದು ಕೇಳಿದಳು. ಅಪ್ಪ ಬರುತ್ತಾನೋ ಇಲ್ಲವೋ, ಅಷ್ಟೇ. ಹಿರಿಯರ ಎದುರು ಇದೇನು ಮಾತು ಎಂದು ಸುಮಾ ಅವಳ ತೊಡೆ ಚಿವುಟಿದಳು.

"ಇರ್ಲಿ ಬಿಡ್ರಿ, ಅಕಿ ಕೇಳಿದ್ದು ಬರೋಬ್ಬರಿ ಅದ" ಎಂದರು ದೇಸಾಯಿಯವರು. ಈಶಾಳ ತಲೆ ಸವರಿ, "ಬೇಟಾ, ಸಬ್ ಲೋಗ್ ಕೋಶಿಶ್ ಕರ್ ರಹೇ ಹೈಂ" ಎಂದರು. ಎಲ್ಲರೂ ಪ್ರಯತ್ನ ಮಾಡುತ್ತಿದ್ದಾರಂತೆ. ಹುಡುಗಿ ಅವರ ಮುಖವನ್ನೇ ನೋಡುತ್ತ ಕೂತಳು.

ಹೊರಡುವಾಗ ಮತ್ತೆ ಗೇಟಿನವರೆಗೆ ಬಂದರು. ನಮ್ಮ ಆಟೋ ತಿರುವು ದಾಟುವ ತನಕ ಬಿಸಿಲಲ್ಲೇ ನಿಂತಿದ್ದರು. ರೈಲಿನಲ್ಲಿ ಸುಮಾ, "ಇಷ್ಟು ಮರ್ಯಾದಿ ಮಾಡಿದವ್ರು ಕೈ ಬಿಡ್ತಾರೇನಕ್ಕಾ?" ಅಂದಳು. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ ಅನ್ನುತ್ತಾರಲ್ಲ. ನಮಗಂತೂ ಅದು ಹುಲ್ಲುಕಡ್ಡಿಯ ಹಾಗೆ ಕಾಣಲೇ ಇಲ್ಲ, ದೋಣಿಯೇ ಸಿಕ್ಕಿತು ಅಂದುಕೊಂಡೆವು.

ಆಮೇಲೆ ಶುರುವಾದದ್ದು ಕಾಯುವ ಕೆಲಸ. ನಾನು ಸೂರತ್‌ಗೆ ಹೋಗಿ ಸುಮಾಳ ಜೊತೆ ಉಳಿದೆ. ದೇಹ ಬಾರದೆ ಕರ್ಮ ಶುರು ಮಾಡುವ ಹಾಗಿಲ್ಲ, ಸೂತಕ ಹಿಡಿಯುವುದು ಯಾವಾಗಿನಿಂದ ಎಂದು ಗೊತ್ತಿಲ್ಲ. ಸುಮಾ ಬೆಳಗ್ಗೆ ಎದ್ದು ಸ್ನಾನ ಮಾಡಿ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಕನ್ನಡಿಯ ಮುಂದೆ ಅವಳ ಬೆರಳು ಹಣೆಯ ಹತ್ತಿರ ಹೋಗಿ ನಿಲ್ಲುವುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಇಡಬೇಕೋ ಬೇಡವೋ ಎಂದು ಕೇಳಲು ಅವಳಿಗೂ ಧೈರ್ಯವಿಲ್ಲ, ಹೇಳಲು ನನಗೂ ಇಲ್ಲ. ಸತ್ತವನ ಹೆಂಡತಿಯೂ ಅಲ್ಲ, ಇದ್ದವನ ಹೆಂಡತಿಯೂ ಅಲ್ಲ. ಅಂಥ ದಿನಗಳು ನಮ್ಮ ಶತ್ರುಗಳಿಗೂ ಬರಬಾರದು.

ದೇಸಾಯಿಯವರು ಮಾತಿಗೆ ತಪ್ಪಲಿಲ್ಲ. ಎರಡು ದಿನಕ್ಕೊಮ್ಮೆ ಅವರೇ ಫೋನು ಮಾಡುತ್ತಿದ್ದರು. "ಇವತ್ತು ಅವರ ಮಾತು ಹಿಂಗದ: ಸಂಬಂಧಪಟ್ಟವರ ಗಮನಕ್ಕ ತಂದೀವಿ." ಇನ್ನೊಮ್ಮೆ, "ಇವತ್ತು ಅಂದಾರ: ವಿಷಯ ನಮ್ಮ ಮನಸ್ಸಿನ್ಯಾಗ ಸದಾ ಅದ." ಆ ಮಾತುಗಳನ್ನು ಸುಮಾ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದಳು. ಎಷ್ಟು ಒಳ್ಳೆಯವರು ನೋಡಿ ಎಂದು ಅವರೂ ಅನ್ನುತ್ತಿದ್ದರು.

ನಡುವೆ ರಾಯಭಾರ ಕಚೇರಿಯ ಆ ಹುಡುಗ ಅಧಿಕಾರಿ ಮತ್ತೊಮ್ಮೆ ಕರೆ ಮಾಡಿ, ದಹನಕ್ಕೆ ಒಪ್ಪಿಬಿಡಿ, ಇಲ್ಲಿ ದಿನದಿಂದ ದಿನಕ್ಕೆ ಕೆಡುತ್ತಿದೆ ಎಂದರು. ಸುಮಾ ಫೋನನ್ನು ನನ್ನ ಕೈಗಿಟ್ಟಳು. ನಾನೇ ದೇಸಾಯಿಯವರಿಗೆ ಫೋನು ಹಚ್ಚಿ, "ಸರ, ಒಪ್ಪಿಗಿ ಕೊಡೂದೇನ್ರಿ? ನೀವು ಹೆಂಗ ಹೇಳ್ತೀರಿ ಹಂಗ" ಎಂದೆ.

"ಎಲ್ಲಾ ದಾರಿಗಳನ್ನೂ ಮುಕ್ತ ಮನಸ್ಸಿನಿಂದ ನೋಡೂದು ಒಳ್ಳೇದವ್ವಾ. ಅಧಿಕಾರಿ ಅನುಭವದಿಂದ ಹೇಳಿರ್ತಾರ. ಹಂಗಂತ ಅವಸರಾನೂ ಬ್ಯಾಡ" ಎಂದರು.

ನಾವು ಹಿಡಿದುಕೊಂಡದ್ದು ಕೊನೆಯ ಮಾತನ್ನು. ಅವಸರ ಬೇಡ ಅಂತ ನಾಲ್ಕು ದೇಶದ ರಾಯಭಾರಿಗಳೇ ಹೇಳಿದ ಮೇಲೆ ಇನ್ನೇನು? ಅಧಿಕಾರಿಗೆ ಸ್ವಲ್ಪ ದಿನ ತಡೆಯಿರಿ ಎಂದೆವು.

ದೀಪಾವಳಿ ಬಂತು. ಸೂರತ್ ಇಡೀ ಖಾಲಿಯಾಯಿತು. ವರಾಛಾದ ವಜ್ರದ ಕಾರ್ಖಾನೆಯವರೆಲ್ಲ ಬಾಗಿಲು ಹಾಕಿ ಸೌರಾಷ್ಟ್ರದ ತಮ್ಮ ಊರುಗಳಿಗೆ ಹೋಗಿದ್ದರು. ರಘು ಬರುತ್ತೇನೆ ಅಂದಿದ್ದ ದಿನವೂ ದಾಟಿತು. ಪಟಾಕಿಯ ಸದ್ದು ನಿಂತ ಮೇಲೆ ಒಂದು ಮಧ್ಯಾಹ್ನ ಅಧಿಕಾರಿಯ ಕರೆ ಬಂತು. ಈ ಸಲ ಆ ಹುಡುಗನೇ ಅಳುತ್ತಿದ್ದ. ಊರಿಗೆ ಕರೆಂಟಿಲ್ಲದೆ ಶವಾಗಾರ ಕೆಟ್ಟು ನಿಂತಿತ್ತಂತೆ. ವಾರಸುದಾರರು ಬಾರದ ದೇಹಗಳನ್ನೆಲ್ಲ ಅಲ್ಲಿಯ ಪುರಸಭೆಯವರು ಲಾರಿಯಲ್ಲಿ ಒಯ್ದು ಊರಾಚೆ ಒಟ್ಟಿಗೆ ಹೂಳಿಬಿಟ್ಟಿದ್ದರು. ಇವರು ಓಡಿ ಹೋಗುವಷ್ಟರಲ್ಲಿ ಮಣ್ಣು ಮುಚ್ಚಿತ್ತು. ಯಾವ ಕಡೆ ಯಾರು ಎಂದು ಹೂಳಿದವರಿಗೂ ಗೊತ್ತಿರಲಿಲ್ಲ.

ಸುಮಾ ಅಳಲಿಲ್ಲ. ಎದ್ದು ಹೋಗಿ ಹಣೆ ತೊಳೆದುಕೊಂಡು ಬಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಎಂದು ನಮ್ಮ ಮನೆಯವರು ಯಾವಾಗಲೂ ಅನ್ನುತ್ತಾರೆ. ಮರುದಿನ ಯಾರಿಗೂ ಹೇಳದೆ ಅಹಮದಾಬಾದಿನ ರೈಲು ಹತ್ತಿದೆ. ಫೋನು ಮಾಡದೆ ಹೋದದ್ದರಿಂದ ಈ ಸಲ ಗೇಟಿನಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದ ದೇಸಾಯಿಯವರು ಹಳೆಯ ಸ್ವೆಟರಿನಲ್ಲಿ ಸಣ್ಣ ಆಳಾಗಿ ಕಂಡರು. ವಿಷಯ ಹೇಳಿದೆ. ಕುರ್ಚಿ ಹಿಡಿದುಕೊಂಡು ಕೂತರು.

"ನಾ ನಿಮಗ ಸ್ಪಷ್ಟ ಹೇಳಿದ್ದೆನಲ್ಲವ್ವಾ" ಎಂದರು.

"ಏನು ಹೇಳಿದ್ರಿ? ಯಾವಾಗ ಹೇಳಿದ್ರಿ?"

"ಮುಕ್ತ ಮನಸ್ಸಿಂದ ನೋಡ್ರಿ ಅಂದಿದ್ದೆ. ಅಧಿಕಾರಿ ಅನುಭವದಿಂದ ಹೇಳ್ತಾರ ಅಂದಿದ್ದೆ. ಅದಕ್ಕಿಂತ ಬಿಡಿಸಿ ಹೇಳೂದು ಅಂದ್ರ…" ಎಂದು ನಿಲ್ಲಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದ್ದೇನೆ ಎಂದೇ ನಿಜವಾಗಿ ನಂಬಿದ್ದರು. ನನಗೆ ಅದರಿಂದಲೇ ಇನ್ನಷ್ಟು ಉರಿಯಿತು.

"ಸಹಿ ಮಾಡ್ರಿ ಅನ್ನಲಿಕ್ಕೆ ಏನಾಗಿತ್ರಿ ನಿಮಗ? ನಾವೇನು ಪರದೇಶದ ಮಂತ್ರಿಗಳೇನ್ರಿ? ಕುರಿ ತಲಿ ಬಾಜೂಕ್ಕ ಸರಿಸಿದಂಗ ನಮ್ಮನ್ನೂ ಸರಿಸಿಬಿಟ್ರಿ!" ಎಂದು ಕೂಗಿದೆ. ಒಳಗಿನಿಂದ ಇಳಾಬೆನ್ ಬಂದು ಗೋಡೆಗೆ ಒರಗಿ ನಿಂತರು.

ದೇಸಾಯಿಯವರು ತಲೆ ಎತ್ತಲಿಲ್ಲ. ನಿಧಾನವಾಗಿ ಹೇಳಿದರು. ರಾಯಭಾರಿಯ ಕೆಲಸವೆಂದರೆ ಆ ಕಡೆಯವರ ಮಾತನ್ನು ಒಂದಕ್ಷರ ಬದಲಿಸದೆ ಮುಟ್ಟಿಸುವುದಂತೆ. ತನ್ನ ಅಂದಾಜು ಏನು ಎಂಬುದನ್ನು ಅದರ ಜೊತೆ ಸೇರಿಸುವ ಹಾಗಿಲ್ಲ, ಅದನ್ನು ಬೇರೆಯೇ ಗುಪ್ತವಾಗಿ ದಿಲ್ಲಿಗೆ ಕಳಿಸಬೇಕು. ಹುಡುಗನಾಗಿ ಸೇರಿದ ದಿನದಿಂದ ಅದೇ ಅಭ್ಯಾಸ. "ನಿಮಗೂ ಹಂಗ ಮಾಡಿದೆ. ಅವರ ಮಾತು ಮುಟ್ಟಿಸಿದೆ. ನನ್ನ ಅಂದಾಜು ನನ್ನ ಹಂತೇಕ ಉಳೀತು. ಈಗ ಅದನ್ನ ಕಳಸಲಿಕ್ಕೆ ದಿಲ್ಲಿನೂ ಇಲ್ಲ" ಎಂದರು.

"ಏನಿತ್ತು ನಿಮ್ಮ ಅಂದಾಜು?"

"ಮೊದಲನೇ ಫೋನಿಗೇ ಗೊತ್ತಾಗಿತ್ತವ್ವಾ. ಸಹಾನುಭೂತಿ ಅಂತ ಅವ ಅಂದಕೂಡಲೇ. ನನ್ನ ಹೆಸರು ಕೇಳಿ ಯಾವ ದೇಸಾಯಿ ಅಂದಿದ್ದ. ನಾ ಅಲ್ಲಿ ಇದ್ದಾಗ ನನ್ನ ಕಾರಿನ ಬಾಗಲಾ ತಗೀತಿದ್ದ ಮನಶ್ಯಾ ಅವ. ನೀವು ಎದುರಿಗೆ ಕೂತಿದ್ರಿ. ಅದನ್ನ ನಿಮಗ ಹೆಂಗ ಹೇಳ್ಲಿ?"

ಇಳಾಬೆನ್ ನನ್ನ ಹತ್ತಿರ ಬಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: "ನನ್ನ ಅಪ್ಪ ಹಾಸಿಗೆ ಹಿಡಿದಾಗಲೂ ನನಗೆ ಊರಿಗೆ ಹೋಗಲು ಬಿಡುತ್ತೀರಾ ಎಂದು ಕೇಳಿದ್ದೆ. ಇವರು ಪರಿಸ್ಥಿತಿ ನೋಡೋಣ ಅಂದಿದ್ದರು. ನಾನೂ ನೋಡುತ್ತಾ ಕೂತೆ." ಗಂಡನ ಎದುರಿಗೇ ಹೇಳಿದರು. ಅವರು ಆಗಲೂ ತಲೆ ಎತ್ತಲಿಲ್ಲ.

ನಾನು ನೀರೂ ಮುಟ್ಟದೆ ಹೊರಟುಬಂದೆ.

ದೇಹ ಸಿಗದವರಿಗೆ ನಮ್ಮಲ್ಲಿ ದರ್ಭೆಯ ಬೊಂಬೆ ಮಾಡಿ ದಹನ ಮಾಡುವ ಪದ್ಧತಿ ಇದೆ. ತಾಪಿ ನದಿಯ ದಂಡೆಯ ಸ್ಮಶಾನದಲ್ಲಿ ಅದನ್ನು ಮಾಡಿದೆವು. ಅಹಮದಾಬಾದಿನಿಂದ ಬಂದಿದ್ದ ನಮ್ಮ ಕಡೆಯ ಆಚಾರ್ಯರು ದರ್ಭೆಯಿಂದ ಕೈ, ಕಾಲು, ಎದೆ ಕಟ್ಟಿದರು. ತಲೆಯ ಜಾಗದಲ್ಲಿ ಒಂದು ತೆಂಗಿನಕಾಯಿ ಇಟ್ಟರು. ಸುಮಾ ಮನೆಯಿಂದ ರಘುವಿನ ಒಂದು ಅಂಗಿ ತಂದಿದ್ದಳು. ಇಸ್ತ್ರಿ ಮಾಡಿದ್ದ ಅಂಗಿ. ದೀಪಾವಳಿಗೆ ಬಂದಾಗ ಹಾಕಿಕೊಳ್ಳಲಿ ಎಂದು ತೆಗೆದಿಟ್ಟದ್ದು. ಗಂಡುಮಕ್ಕಳಿಲ್ಲ, ಮಗಳೇ ಮಾಡಲಿ ಎಂದರು ಆಚಾರ್ಯರು. ಈಶಾ ಬೆಂಕಿ ಇಟ್ಟಳು.

ದರ್ಭೆ ಎಷ್ಟು ಹೊತ್ತು ಉರಿದೀತು? ಚಹಾ ಕುದಿಯುವಷ್ಟು ಹೊತ್ತೂ ಆಗಲಿಲ್ಲ. ಪಕ್ಕದಲ್ಲಿ ಬೇರೆಯವರ ಚಿತೆ ನಾವು ಬರುವ ಮೊದಲೇ ಹೊತ್ತಿದ್ದು ಇನ್ನೂ ಉರಿಯುತ್ತಲೇ ಇತ್ತು. ಅವರ ಕಡೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ಮಶಾನದಲ್ಲಿ ನಿಂತು ಇನ್ನೊಬ್ಬರ ಹೆಣ ನೋಡಿ ಹೊಟ್ಟೆಕಿಚ್ಚು ಪಟ್ಟೆ. ಸುಮಾ ನನ್ನ ಕೈ ಹಿಡಿದು, "ಇಷ್ಟನಾ ಅಕ್ಕಾ? ಆತಾ?" ಎಂದು ಕೇಳಿದಳು.

ತಿರುಗಿ ನೋಡಿದರೆ ಬೇವಿನ ಮರದ ಕೆಳಗೆ ದೇಸಾಯಿಯವರು ನಿಂತಿದ್ದರು. ಯಾರು ಹೇಳಿದ್ದರೋ, ಬಹುಶಃ ಆಚಾರ್ಯರು ಹೇಳಿರಬೇಕು. ಬಿಳಿ ಅಂಗಿ, ಬರಿಗಾಲು. ಯಾರೂ ಅವರನ್ನು ಬನ್ನಿ ಅನ್ನಲಿಲ್ಲ. ನಾನಂತೂ ಅನ್ನಲಿಲ್ಲ. ತಾವೇ ನಡೆದು ಬಂದು ನನ್ನನ್ನೂ ಸುಮಾಳನ್ನೂ ದಾಟಿ ಈಶಾಳ ಎದುರಿಗೆ ನಿಂತರು. ಅವಳ ಕೈಯಲ್ಲಿ ಇನ್ನೂ ಬೆಂಕಿ ಇಟ್ಟ ಕೊಳ್ಳಿ ಇತ್ತು.

"ಬೇಟಾ, ತೂನೇ ಏಕ್ ಬಾತ್ ಪೂಛೀ ಥೀ" ಎಂದರು. ನೀನು ಒಂದು ಮಾತು ಕೇಳಿದ್ದೆಯಲ್ಲ ಮಗಳೇ ಎಂದು. "ನಹೀ ಬೇಟಾ. ಪಪ್ಪಾ ನಹೀ ಆಯೇಂಗೆ."

ಈಶಾ ಅವರನ್ನು ನೋಡಿ, "ಅಬ್ ತೋ ಮಾಲೂಮ್ ಹೈ, ಅಂಕಲ್" ಎಂದಳು. ಈಗ ಗೊತ್ತಿದೆ ಎಂದು. ಕೋಪವಿಲ್ಲ, ಏನೂ ಇಲ್ಲ. ಕೊಳ್ಳಿಯನ್ನು ನದಿಯ ನೀರಿಗೆ ಎಸೆದು ತಾಯಿಯ ಹತ್ತಿರ ಹೋದಳು.

ದೇಸಾಯಿಯವರನ್ನು ಸ್ಟೇಶನ್ನಿಗೆ ಬಿಟ್ಟವರು ನಮ್ಮ ಮನೆಯವರು. ಆಮೇಲೆ ನಾವು ಭೇಟಿಯಾಗಿಲ್ಲ. ಮುಂದಿನ ವರ್ಷದ ರಾಜ್ಯೋತ್ಸವಕ್ಕೂ ಅವರು ಬರಲಿಲ್ಲ.

ಕೆಟ್ಟವರು ಎಂದು ಅವರನ್ನು ಅನ್ನಲಾರೆ. ಕ್ಷಮಿಸಿದ್ದೇನೆ ಎಂದರೂ ಸುಳ್ಳಾಗುತ್ತದೆ. ನವರಾತ್ರಿಯ ಮೈಕು ಕೇಳಿದರೆ ಈಗಲೂ ಕಿಟಕಿ ಮುಚ್ಚುತ್ತೇನೆ. ಸುಮಾ ಸೂರತ್‌ನಲ್ಲೇ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ರಘು ಯಾವ ಮಣ್ಣಿನಲ್ಲಿ, ಯಾರ ಪಕ್ಕದಲ್ಲಿ ಮಲಗಿದ್ದಾನೋ ನಮಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ತಾಪಿಯ ದಂಡೆಯಲ್ಲಿ ಅವರು ಹೇಳಿದ ಆ ಒಂದು ಮಾತನ್ನು ಅಹಮದಾಬಾದಿನ ಸೋಫಾದ ಮೇಲೆ ಹೇಳಿದ್ದರೆ, ನಮ್ಮ ಹುಡುಗಿ ನೀರಿಗೆ ಬಿಡಲು ಅವಳಪ್ಪನ ಒಂದು ಹಿಡಿ ಬೂದಿಯಾದರೂ ಇರುತ್ತಿತ್ತು.